ಎಪ್ಪತ್ತನಾಲ್ಕನೇ ದೀಪ

ತನಿಖೆಗೆ ಬರುತ್ತೇವೆಂದು ನಿಯಂತ್ರಕರ ಕಚೇರಿಯಿಂದ ಕಾಗದ ಬಂದ ದಿನ, ಬಾಲಿನಕಾರಾ ದನದ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಜಾರ್ಲತ್ ಕಾಫರ್ಕಿ ಅದನ್ನು ಮೂರು ಸಲ ಓದಿದ, ನಾಲ್ಕಾಗಿ ಮಡಚಿದ, ಚಹಾದ ಲೋಟದ ಅಡಿಯಲ್ಲಿಟ್ಟ. ಲೋಟದ ಅಡಿಯಲ್ಲಿಟ್ಟ ಮಾತ್ರಕ್ಕೆ ಸರ್ಕಾರದ ಕಾಗದ ಸುಮ್ಮನಾಗುತ್ತದೆಯೇ? ಅಲ್ಲಿ ಮೂವತ್ತೊಂದು ವರ್ಷದಿಂದ ಗುಮಾಸ್ತೆಯಾಗಿದ್ದ ಅಟ್ರಾಕ್ಟಾ ಗಿಬ್ಲಿನ್ ಲೋಟ ಸರಿಸಿ ಕಾಗದ ಬಿಡಿಸಿಕೊಂಡಳು.

ಆನ್‌ಲೈನ್ ಹರಾಜಿಗೆ ಹೊಸ ನಿಯಮ ಬಂದಿತ್ತು. ಪರದೆಯ ಮೇಲೆ ದನ ನೋಡುವ, ಬೆಲೆ ಕೂಗುವ ಪ್ರತಿಯೊಂದು ಖಾತೆಯ ಹಿಂದೆಯೂ ಒಬ್ಬ ಜೀವಂತ ಮನುಷ್ಯ ಇರಬೇಕು. ಅವನನ್ನು ಮಾರುಕಟ್ಟೆಯವರು ಖುದ್ದಾಗಿ ಕಂಡಿರಬೇಕು, ಗುರುತಿನ ಚೀಟಿ ನೋಡಿರಬೇಕು. ಹಾಗೆ ನೋಡದೆ ಕೊಟ್ಟ ಖಾತೆಯಿದ್ದರೆ, ತನಿಖಾಧಿಕಾರಿಯ ಎದುರಿಗೇ ಫೋನ್ ಮಾಡಿ ನೋಟಿಸ್ ಓದಿ ಹೇಳಬೇಕು. ಏಳು ದಿನದೊಳಗೆ ಅವನು ಬಂದು ಮುಖ ತೋರಿಸಬೇಕು, ಇಲ್ಲವೇ ಖಾತೆ ಮುಚ್ಚಬೇಕು. ಒಂದೇ ಒಂದು ಅನುಮಾನದ ಖಾತೆ ಉಳಿದರೂ ಆನ್‌ಲೈನ್ ಪರವಾನಗಿ ರದ್ದು.

"ಆರುನೂರ ಹನ್ನೆರಡು ಖಾತೆ ಇದಾವೆ. ಎಲ್ಲಾ ಸರಿ ಇದೆ ತಾನೆ?" ಎಂದ ಜಾರ್ಲತ್.

"ಒಂದು ಬಿಟ್ಟು."

ಯಾವುದು ಎಂದು ಅವನು ಕೇಳಲಿಲ್ಲ. ಎದ್ದು ಹೋಗಿ, ಬೇಡದಿದ್ದರೂ ಇನ್ನೊಂದು ಸಲ ಚಹಾಕ್ಕೆ ನೀರಿಟ್ಟ.

ಆ ಸೀಮೆಯಲ್ಲಿ ಇನ್ನೊಬ್ಬರ ದನ ನೋಡಿ 'ದೇವರು ಚೆನ್ನಾಗಿಟ್ಟಿರಲಿ' ಅನ್ನದೆ ಬಂದರೆ ದೃಷ್ಟಿ ಹಾಕಿದ ಹಾಗೆ. ಹೊಗಳಿ ಸುಮ್ಮನಾದವನ ಬೆನ್ನ ಹಿಂದೆ ಜನ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಈ ಮಾತನ್ನು ಎಲ್ಲರ ಪರವಾಗಿ ಗುತ್ತಿಗೆ ಹಿಡಿದವನ ಹಾಗೆ ಹೇಳುತ್ತಿದ್ದವನು ಬಾರ್ಟ್ಲಿ ಪ್ರೆಂಟಿ. ಗ್ಲಾನ್ ಗುಡ್ಡದ ಮೇಲೆ ಅವನದು ಒಂಟಿ ಬಾಳು, ಹತ್ತು ದನ, ಮದುವೆ ಮಕ್ಕಳು ಏನೂ ಇಲ್ಲ. ಮೂವತ್ತು ವರ್ಷ, ಪ್ರತಿ ಗುರುವಾರ, ಹರಾಜಿನ ಕಣದ ಎಡಗಡೆಯ ಮೂರನೇ ಕಂಬಕ್ಕೆ ಆತು ನಿಲ್ಲುತ್ತಿದ್ದ. ಕೊಳ್ಳುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಕರು. ಆದರೆ ಕಣದೊಳಗೆ ಬಂದ ಪ್ರತಿಯೊಂದು ದನಕ್ಕೂ, ಅದು ಗುಂಡಗಿರಲಿ, ಎಲುಬಿನ ಗೂಡಾಗಿರಲಿ, ಚಪ್ಪಟೆ ಟೋಪಿಯ ತುದಿ ಮುಟ್ಟಿ, ತುಟಿ ಅಲ್ಲಾಡಿಸಿ ಹೇಳುತ್ತಿದ್ದ. ಗಂಡಸರು 'ನಮ್ಮ ಪಾದ್ರಿ' ಎಂದು ಹಲ್ಲು ಕಿಸಿಯುತ್ತಿದ್ದರು. ಆದರೂ ಒಂದು ಸಲ ಅವನು ಮೂತ್ರಕ್ಕೆಂದು ಹೋದಾಗ, ಹೋರಿ ಕೊಂಡವನೊಬ್ಬ ಅವನು ವಾಪಸು ಬರುವ ತನಕ ಅದನ್ನು ಕಣದಿಂದ ಹೊರಗೆ ಬಿಡಲಿಲ್ಲ. ನಗುವವರ ನಂಬಿಕೆ ಎಷ್ಟಿರುತ್ತದೆ ಅನ್ನುವುದು ಇಂಥ ಹೊತ್ತಿನಲ್ಲೇ ಗೊತ್ತಾಗುವುದು.

ಕೊರೊನಾ ವರ್ಷದಲ್ಲಿ ಮಾರುಕಟ್ಟೆಯ ಬಾಗಿಲು ಹಾಕಿ, ಹರಾಜನ್ನು ಪರದೆಗೆ ಏರಿಸಿದರು. ಕಣದಲ್ಲಿ ದನ, ಗಾಜಿನ ಕೋಣೆಯಲ್ಲಿ ಜಾರ್ಲತ್ ಮತ್ತು ಅಟ್ರಾಕ್ಟಾ, ಮಿಕ್ಕವರೆಲ್ಲ ಮನೆಯಲ್ಲಿ. ಎರಡನೇ ವಾರವೇ ಗುಡ್ಡದಿಂದ ಬಾರ್ಟ್ಲಿಯ ಫೋನ್ ಬಂತು.

"ನಂಗೊಂದು ನಂಬರ್ ಕೊಡು ಅಟ್ರಾಕ್ಟಾ. ಬಾಸ್ಟನ್ನಿನಿಂದ ಅಣ್ಣನ ಮಗ ಒಂದು ಟ್ಯಾಬ್ಲೆಟ್ ಕಳಿಸಿದಾನೆ. ಇಷ್ಟೊಂದು ಜನ ಸುಮ್ನೆ ಕೂತು ನೋಡ್ತಾರಂತೆ, ಒಬ್ಬನಾದ್ರೂ ಹೇಳೋದು ಬೇಡ್ವಾ?"

"ಗುರುತಿನ ಚೀಟಿ ತೋರಿಸ್ಬೇಕಲ್ಲೋ."

"ನಾನು ಬರೋ ಹಾಗಿಲ್ಲ, ನೀನು ಬರೋ ಹಾಗಿಲ್ಲ. ಎಲ್ಲಿ ತೋರಿಸ್ಲಿ?"

"ಹೋಗ್ಲಿ ಬಿಡು. ನಿನ್ನ ದನಿಯೇ ನಿನ್ನ ಗುರುತು," ಎಂದು ಅವಳು ನಗುತ್ತ ಎಪ್ಪತ್ತನಾಲ್ಕನೇ ನಂಬರನ್ನು ಅವನ ಹೆಸರಿಗೆ ಬರೆದಳು. ಯಾರು ಹರಾಜು ನೋಡುತ್ತಿದ್ದಾರೋ ಅವರ ನಂಬರಿನ ಪಕ್ಕ ಪರದೆಯ ಮೇಲೆ ಒಂದು ಹಸಿರು ದೀಪ ಹತ್ತುತ್ತದೆ. ಆವತ್ತಿನಿಂದ ಪ್ರತಿ ಗುರುವಾರ ಹತ್ತು ಗಂಟೆಗೆ ಸರಿಯಾಗಿ ಎಪ್ಪತ್ತನಾಲ್ಕರ ದೀಪ ಹತ್ತುತ್ತಿತ್ತು. ಒಂದು ಬೆಲೆಯನ್ನೂ ಅವನು ಕೂಗಲಿಲ್ಲ, ನೋಡಿದ ಅಷ್ಟೆ.

ಮೇ ತಿಂಗಳ ಒಂದು ಗುರುವಾರ, ಬಾರ್ಟ್ಲಿಯ ಎದುರು ಮನೆಯ ಡೀಲಿಯಾ ಟ್ಯಾನ್ಸಿ ಫೋನ್ ಮಾಡಿದಳು. ಎಪ್ಪತ್ತು ದಾಟಿದವರು ಹೊಸ್ತಿಲು ದಾಟಕೂಡದು ಎಂದು ರೇಡಿಯೋದಲ್ಲಿ ಬೆಳಗ್ಗೆ ಸಂಜೆ ಹೇಳುತ್ತಿದ್ದ ಕಾಲ ಅದು.

"ಬಾರ್ಟ್ಲಿ ಚಿಮಣೀಲಿ ಹೊಗೆ ಕಾಣ್ತಿಲ್ಲ ಹುಡುಗಿ. ಏನಾದ್ರೂ ಗೊತ್ತಾ?"

ಅಟ್ರಾಕ್ಟಾ ಪರದೆ ನೋಡಿದಳು. "ಇದ್ದಾನೆ, ದೀಪ ಹತ್ತಿದೆ. ಆರಾಮಾಗಿದ್ದಾನೆ."

ಮುಂದಿನ ಗುರುವಾರ ಡೀಲಿಯಾ ಮತ್ತೆ ಕೇಳಿದಳು, ಅಟ್ರಾಕ್ಟಾ ಮತ್ತೆ ಅದನ್ನೇ ಹೇಳಿದಳು. ಶನಿವಾರ ಅಂಚೆಯವನು ಕಿಟಕಿಯಲ್ಲಿ ಇಣುಕಿದ. ಸತ್ತು ಹನ್ನೊಂದು ದಿನವಾಗಿದೆ ಎಂದರು ಡಾಕ್ಟರು. ಬಿದ್ದ ಕೂಡಲೇ ಸತ್ತದ್ದಲ್ಲ, ಒಂದೆರಡು ದಿನ ಜೀವ ಹಿಡಿದಿದ್ದಿರಬಹುದು ಎಂದೂ ಹೇಳಿದರು. ಅಟ್ರಾಕ್ಟಾ ಬೆರಳು ಮಡಚಿ ಲೆಕ್ಕ ಹಾಕಿದಳು. ಎರಡೂ ಗುರುವಾರ ಅವನು ಅಡಿಗೆಮನೆಯ ನೆಲದ ಮೇಲೆ ಹೆಣವಾಗಿ ಬಿದ್ದಿದ್ದ. ಎರಡೂ ಗುರುವಾರ ದೀಪ ಹತ್ತಿತ್ತು. ಅದನ್ನು ನಂಬಿ ಅವಳು ಯಾರನ್ನೂ ಕಳಿಸಲಿಲ್ಲ. ಹೆಣವಾದರೂ ಹೊತ್ತಿಗೆ ಸರಿಯಾಗಿ ಸಿಗಬೇಡವೇ ಮನುಷ್ಯನಿಗೆ!

ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಗೊತ್ತಿದ್ದವಳು ಡೀಲಿಯಾ ಒಬ್ಬಳೇ, ಅವಳೂ ಬಾಯಿ ಬಿಡಲಿಲ್ಲ. ಮಣ್ಣು ಮಾಡಿದ ಮಾರನೇ ಗುರುವಾರ ಹತ್ತು ಗಂಟೆಗೆ ಎಪ್ಪತ್ತನಾಲ್ಕು ಮತ್ತೆ ಹತ್ತಿತು. ಆಗಿನಿಂದ ಐದು ವರ್ಷ, ಒಂದು ವಾರವೂ ತಪ್ಪಿಲ್ಲ. ಮೊದಲ ಸಲ ಜಾರ್ಲತ್ ಅದನ್ನು ನೋಡಿ ಎದೆಯ ಮೇಲೆ ಶಿಲುಬೆ ಗೀಚಿಕೊಂಡು, "ಮುಟ್ಟಬೇಡ ಮಾರಾಯ್ತಿ, ಇರ್ಲಿ. ದನಗಳು ಚೆನ್ನಾಗಿದಾವೆ," ಎಂದಿದ್ದ. ಅಟ್ರಾಕ್ಟಾ ಮುಟ್ಟಲಿಲ್ಲ. ಅವನು ಸತ್ತನೆಂದು ಖಾತೆಯಲ್ಲಿ ಬರೆಯಲೂ ಇಲ್ಲ. ಬರೆದರೆ ತಾರೀಖು ಹಾಕಬೇಕಾಗುತ್ತಿತ್ತು.

ತನಿಖಾಧಿಕಾರಿ ಬಂದದ್ದು ಗುರುವಾರ, ಹರಾಜು ಮುಗಿದ ಮೇಲೆ. ರೋನನ್ ಡೆವರೋ ಎಂದು ಹೆಸರು, ಮೂವತ್ತರ ವಯಸ್ಸು, ಪೂರ್ವದ ಕರಾವಳಿಯವನು. ಹೊಸ ಬೂಟು ಹಾಕಿಕೊಂಡು ಬಂದಿದ್ದ. ಅಂಗಳ ದಾಟುವಷ್ಟರಲ್ಲಿ ಅದಕ್ಕೆ ಸೆಗಣಿಯ ದೀಕ್ಷೆಯಾಗಿತ್ತು. ಸೊಕ್ಕಿನವನಾಗಿದ್ದರೆ ಅಟ್ರಾಕ್ಟಾಳಿಗೆ ಸುಲಭವಾಗುತ್ತಿತ್ತು. ಆದರೆ ಅವನು ಒಳ್ಳೆಯ ಹುಡುಗ, ಹ್ಯಾಮ್ ಸ್ಯಾಂಡ್‌ವಿಚ್ ಕೊಟ್ಟರೆ ಎರಡು ಸಲ ಥ್ಯಾಂಕ್ಸ್ ಹೇಳಿದ.

"ಮಿಸೆಸ್ ಗಿಬ್ಲಿನ್, ನಿಮ್ಮ ದಾಖಲೆ ಇಷ್ಟು ಅಚ್ಚುಕಟ್ಟಾಗಿರೋದನ್ನ ನಾನು ಎಲ್ಲೂ ನೋಡಿಲ್ಲ."

"ಮಿಸ್. ಕಟ್ಟಿಕೊಳ್ಳೋಕೆ ಯಾರೂ ಹರಾಜಿಗೆ ಬರ್ಲಿಲ್ಲ."

ಅವನು ನಕ್ಕ. ಆಮೇಲೆ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಇದೊಂದು. ಎಪ್ಪತ್ನಾಲ್ಕು, ಬಿ. ಪ್ರೆಂಟಿ. ಚೀಟಿ ಇಲ್ಲ, ಫೋಟೋ ಇಲ್ಲ, ಐದು ವರ್ಷದಲ್ಲಿ ಒಂದು ಕೂಗೂ ಇಲ್ಲ. ಆದ್ರೆ ಪ್ರತಿ ವಾರ ನೋಡ್ತಾರೆ. ಯಾರಿವರು?"

ಸತ್ತಿದ್ದಾನೆ ಎನ್ನಲು ಎರಡು ಕ್ಷಣ ಸಾಕಿತ್ತು. ಯಾವಾಗ ಎಂದು ಅವನು ಕೇಳುತ್ತಾನೆ. ಆಮೇಲೆ ದೀಪದ ದಾಖಲೆ ನೋಡುತ್ತಾನೆ.

"ಗುಡ್ಡದ ಮೇಲಿನವರು. ಮಾತು ಕಮ್ಮಿ," ಎಂದಳು. ಬಾಗಿಲ ಹತ್ತಿರ ನಿಂತಿದ್ದ ಜಾರ್ಲತ್ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಬೇಜಾರು ಮಾಡ್ಕೋಬೇಡಿ, ಇದು ನಿಮ್ಮ ಮೇಲೆ ಅನುಮಾನ ಅಂತಲ್ಲ," ಎಂದ ರೋನನ್. "ಪರದೆ ಮೇಲೆ ಒಂದು ದೀಪ ಹತ್ತಿದ್ರೆ ಅದರ ಹಿಂದೆ ಮನುಷ್ಯ ಇದಾನೆ ಅಂತ ಹ್ಯಾಗ್ ಹೇಳೋದು? ಹೋಗಿ ಮುಖ ನೋಡ್ಬೇಕು. ಇಷ್ಟೇ ನೋಡಿ ಈ ನಿಯಮ. ಫೋನ್ ಹಚ್ಚಿ, ಸ್ಪೀಕರ್ ಹಾಕಿ."

ಅವಳಿಗೆ ನಂಬರು ಬಾಯಿಪಾಠವಿತ್ತು. ಮನೆಯ ಫೋನು ಕಡಿದುಹೋಗಿ ವರ್ಷಗಳಾಗಿವೆ, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಯಾವಳೋ ಹೇಳುತ್ತಾಳೆ, ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡು ಒತ್ತಿದಳು.

ಗಂಟೆ ಬಾರಿಸಿತು. ಒಂದು. ಎರಡು. ಐದನೆಯದಕ್ಕೆ ಆ ಕಡೆ ಯಾರೋ ರಿಸೀವರ್ ಎತ್ತಿದರು.

ಮಾತಿಲ್ಲ. ಒಂದು ದೊಡ್ಡ ಖಾಲಿ ಜಾಗದ ಸದ್ದು ಬಂತು. ಅದರೊಳಗೆ, ಎಲ್ಲೋ ಹಿಂದೆ, ಕತ್ತಲೆಯ ಕೊಟ್ಟಿಗೆಯಲ್ಲಿ ದನಗಳು ಮೆಲುಕು ಹಾಕುವ ಸದ್ದು.

"ಓದಿ," ಎಂದು ರೋನನ್ ಕಾಗದ ಮುಂದೆ ತಳ್ಳಿದ.

ಅವಳು ಓದಿದಳು. "ಖಾತೆ ಸಂಖ್ಯೆ ಎಪ್ಪತ್ತನಾಲ್ಕರ... ಹಕ್ಕುದಾರರಿಗೆ. ಬರುವ ಗುರುವಾರದೊಳಗೆ ತಾವು ಖುದ್ದಾಗಿ ಮಾರುಕಟ್ಟೆಗೆ ಬಂದು ಮುಖ ತೋರಿಸತಕ್ಕದ್ದು. ತಪ್ಪಿದಲ್ಲಿ ಖಾತೆಯನ್ನು ಮುಚ್ಚಲಾಗುವುದು. ಅರ್ಥವಾಯಿತೇ?"

ಮೆಲುಕು ಹಾಕುವ ಸದ್ದು ನಿಂತಿತು. ಆಮೇಲೆ ಯಾರೋ ಮೆಲ್ಲಗೆ, ಮಲಗಿದವರನ್ನು ಎಬ್ಬಿಸಬಾರದೆಂಬ ಹಾಗೆ, ರಿಸೀವರ್ ಇಟ್ಟರು.

"ಇದಾರಲ್ಲ!" ಎಂದು ರೋನನ್ 'ನೋಟಿಸ್ ಓದಿ ಹೇಳಿದೆ' ಎಂಬಲ್ಲಿ ಟಿಕ್ ಹಾಕಿದ. "ನಿಜವಾಗ್ಲೂ ಮಾತು ಕಮ್ಮಿ."

ಜಾರ್ಲತ್ ಹೊರಗೆ ಹೋಗಿ ಅಂಗಳದ ನಲ್ಲಿಗೆ ತಲೆ ಒಡ್ಡಿದ.

ಶುಕ್ರವಾರ ಮಧ್ಯಾಹ್ನ ಅಟ್ರಾಕ್ಟಾ ಕಾರು ತೆಗೆದು ಗ್ಲಾನ್ ಗುಡ್ಡ ಹತ್ತಿದಳು. ಡೀಲಿಯಾಳಿಗೆ ಈಗ ಎಂಬತ್ತೊಂದು. ಮಂಡಿ ಕೆಟ್ಟಿದೆ, ಬಾಯಿ ಕೆಟ್ಟಿಲ್ಲ. ಅವಳೂ ಆನ್‌ಲೈನ್ ಹರಾಜಿನ ಗಿರಾಕಿಯೇ, ಇನ್ನೂರ ಎಂಟನೇ ನಂಬರು. ಒಂದು ಹಸುವನ್ನೂ ಕೊಳ್ಳುವುದಿಲ್ಲ. ಯಾರ ದನ ಸೊರಗಿದೆ, ಯಾರದು ಕೊಬ್ಬಿದೆ ಎಂದು ನೋಡಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಹಂಚುತ್ತಾಳೆ.

"ಬಾ ಮಗಳೇ, ಮುಖ ಯಾಕೆ ಸುಣ್ಣ ಬಳ್ಕೊಂಡಿದೆ? ಸ್ಕೋನ್ ಬನ್ನು ತಿನ್ನು."

ಅಟ್ರಾಕ್ಟಾ ಫೋನಿನ ವಿಷಯ ಪೂರ್ತಿ ಹೇಳಿದಳು. ಡೀಲಿಯಾ ಬೆಣ್ಣೆ ಸವರುವುದನ್ನು ನಿಲ್ಲಿಸದೆ ಕೇಳಿದಳು. ಆಮೇಲೆ ಚಾಕುವಿನ ತುದಿಯಿಂದ ಕಿಟಕಿ ತೋರಿಸಿದಳು. ರಸ್ತೆಯಾಚೆ ಬಾರ್ಟ್ಲಿಯ ಮನೆ, ಬಾಗಿಲಿಗೆ ತುಕ್ಕು ಹಿಡಿದ ಬೀಗ. ಫೋನಿನ ತಂತಿ ಕಂಬದಿಂದ ಕಳಚಿ ಮುಳ್ಳುಪೊದೆಯ ಮೇಲೆ ಬಿದ್ದಿತ್ತು.

"ನಾಲ್ಕು ವರ್ಷದಿಂದ ಹಾಗೇ ಬಿದ್ದಿದೆ. ಕರೆಂಟೂ ಕಿತ್ತುಹಾಕಿದಾರೆ. ಆ ಟ್ಯಾಬ್ಲೆಟ್ಟನ್ನ ಹೆಣದ ಜತೆಗೇ ಪೆಟ್ಟಿಗೇಲಿ ಇಟ್ರು, ಅಣ್ಣನ ಮಗ ಹಾಗೆ ಮಾಡಿ ಅಂದ."

"ಮತ್ತೆ ಯಾರು ಎತ್ತಿದ್ದು?"

"ಅದನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ? ನೀನು ಕರ್ದಿದೀಯ, ಅದೂ ಸರ್ಕಾರದ ಮಾತಲ್ಲಿ. ಬಾರ್ಟ್ಲಿ ಯಾವತ್ತೂ ಕಾನೂನು ಮೀರಿದವನಲ್ಲ. ಬರ್ತಾನೆ."

ಅಟ್ರಾಕ್ಟಾ ಐದು ವರ್ಷದ ಮಾತು ತೆಗೆದಳು. "ಡೀಲಿಯಾ, ಆವತ್ತು ನೀವು ಫೋನ್ ಮಾಡಿದಾಗ ನಾನು..."

"ಚಹಾ ಆರ್ತಿದೆ," ಎಂದಳು ಡೀಲಿಯಾ. ಒರಟಾಗಿಯೇನೂ ಅಲ್ಲ. ಆದರೆ ಆ ಬಾಗಿಲು ಆವತ್ತೂ ತೆರೆಯಲಿಲ್ಲ. ಅಟ್ರಾಕ್ಟಾ ಸ್ಕೋನ್ ತಿಂದು, ಎಂಜಲು ತಟ್ಟೆ ತೊಳೆದಿಟ್ಟು, ಕಾರು ಹತ್ತಿ ಅತ್ತಳು.

ಮಂಗಳವಾರ ಬಿರುಗಾಳಿ ಬಂತು. ಮರಗಳು ಉರುಳಿದವು, ಗುಡ್ಡದ ಕಡೆ ತಂತಿಗಳೆಲ್ಲ ನೆಲಕ್ಕೆ ಬಿದ್ದವು. ಬುಧವಾರ ಅಟ್ರಾಕ್ಟಾ ಡೀಲಿಯಾಳಿಗೆ ಎರಡು ಸಲ ಫೋನ್ ಮಾಡಿದಳು, ಕರೆ ಹೋಗಲಿಲ್ಲ. ಗುರುವಾರ ಬೆಳಗ್ಗೆಯೂ ಹೋಗಲಿಲ್ಲ. ಲೈನು ಕೆಟ್ಟಿರಬೇಕು, ಹರಾಜು ಮುಗಿದ ಮೇಲೆ ನೋಡೋಣ ಎಂದುಕೊಂಡಳು. ಅವಳ ತಲೆಯಲ್ಲಿ ಬಾರ್ಟ್ಲಿ ಬರುವ ಯೋಚನೆಯೇ ತುಂಬಿತ್ತು, ಪಾಪ, ಡೀಲಿಯಾಳಿಗೆ ಅಲ್ಲಿ ಜಾಗವಿರಲಿಲ್ಲ.

ಹತ್ತು ಗಂಟೆಗೆ ಹರಾಜು ಶುರುವಾಯಿತು. ಗಾಜಿನ ಕೋಣೆಯಲ್ಲಿ ಜಾರ್ಲತ್ ಮೈಕಿನ ಮುಂದೆ, ಅಟ್ರಾಕ್ಟಾ ದೀಪಗಳ ಪರದೆಯ ಮುಂದೆ, ಅವಳ ಬಲಕ್ಕೆ ಕ್ಯಾಮೆರಾದ ಪರದೆಯ ಮುಂದೆ, ಗಡುವಿನ ದಿನವೆಂದು ಮತ್ತೆ ಬಂದಿದ್ದ ರೋನನ್. ಎಪ್ಪತ್ತನಾಲ್ಕು ಹೊತ್ತಿಗೆ ಸರಿಯಾಗಿ ಹತ್ತಿತು. ಅವಳು ಅದರ ಮೇಲಿಂದ ಕಣ್ಣು ತೆಗೆದು ಗಾಜಿನಾಚೆ ನೋಡಿದಳು. ಕಣದ ಸುತ್ತ ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಎಡಗಡೆಯ ಮೂರನೇ ಕಂಬದ ಹತ್ತಿರ ಮಾತ್ರ ಒಬ್ಬ ಮನುಷ್ಯನಷ್ಟು ಜಾಗ ಖಾಲಿ. ಮಾರುಕಟ್ಟೆಯ ಬಾಗಿಲು ಮತ್ತೆ ತೆರೆದಾಗಿನಿಂದ ಅಲ್ಲಿ ಯಾರೂ ನಿಲ್ಲುವುದಿಲ್ಲ. ನಿಲ್ಲಬೇಡಿ ಎಂದು ಯಾರೂ ಹೇಳಿಯೂ ಇಲ್ಲ.

ಮೊದಲನೇ ಕಡಸು ಒಳಗೆ ಬಂತು. ಅರ್ಧ ಸುತ್ತು ಹಾಕಿ ಆ ಕಂಬದ ಎದುರಿಗೆ ನಿಂತು, ಮೂತಿ ಎತ್ತಿ ಮೂಸಿತು. ಎರಡನೆಯದೂ ಅಲ್ಲೇ ನಿಂತಿತು. ನಾಲ್ಕನೆಯ ದನಕ್ಕೆ ಕಣದ ಸುತ್ತ ಮಾತೆಲ್ಲ ಅಡಗಿತು. ಜಾರ್ಲತ್ ಬೆಲೆ ಕೂಗುವ ದನಿ ಒಂದು ಮೆಟ್ಟಿಲು ಇಳಿಯಿತು.

"ಮಿಸ್ ಗಿಬ್ಲಿನ್," ಎಂದ ರೋನನ್, ಪರದೆಯಿಂದ ಕಣ್ಣು ತೆಗೆಯದೆ. "ಆ ಟೋಪಿಯವರು ಯಾರು? ಕಂಬಕ್ಕೆ ಆತು ನಿಂತಿದಾರಲ್ಲ, ಪ್ರತಿ ದನಕ್ಕೂ ಟೋಪಿ ಮುಟ್ಟಿ ಏನೋ ಹೇಳ್ತಿದಾರೆ. ಅವರು ಬೆಲೆ ಕೂಗ್ತಿದಾರೋ, ಏನು?"

ಅಟ್ರಾಕ್ಟಾ ತಲೆ ಎತ್ತಿದಳು. ಗಾಜಿನಾಚೆ ಮೂರನೇ ಕಂಬದ ಹತ್ತಿರ ಯಾರೂ ಇರಲಿಲ್ಲ. ಬಲಕ್ಕೆ ತಿರುಗಿ ಕ್ಯಾಮೆರಾದ ಪರದೆ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ನೋಡಿದಾಗ ಅವನ ಮುಖದಲ್ಲಿ ಸಿಟ್ಟಿದ್ದರೆ?

"ನಗ್ತಿದಾರಾ?" ಎಂದು ಕೇಳಿದಳು.

"ನಗು ಅಂತಲ್ಲ... ಇಲ್ಲಿಗೇ ನೋಡ್ತಿದಾರೆ ಈಗ. ನಿಮ್ಮ ಕಡೆಗೇ. ಯಾರವರು?"

"ಎಪ್ಪತ್ನಾಲ್ಕು."

"ಓ! ಬಂದ್ರಾ? ಒಳ್ಳೇದಾಯ್ತು. ಒಳಗೆ ಕರೀರಿ, ಚೀಟಿ ನೋಡಿ ಮುಗಿಸೋಣ."

"ಬರಲ್ಲ ಅವನು ಒಳಗೆ. ಖುದ್ದಾಗಿ ಬಾ ಅಂದ್ವಿ, ಬಂದ. ಈಗ ಖಾತೆ ಮುಚ್ತೀನಿ."

"ಬಂದ ಮೇಲೆ ಯಾಕೆ ಮುಚ್ಚೋದು?"

"ಸತ್ತು ಐದು ವರ್ಷ ಆಯ್ತು ಕಣಪ್ಪ."

ಜಾರ್ಲತ್ ಮೈಕಿನ ಮೇಲೆ ಅಂಗೈ ಮುಚ್ಚಿದ. ಕಣದೊಳಗೆ ಒಂದು ಕೆಂಪು ಕಡಸು ಕಂಬದ ಎದುರು ನಿಂತೇ ಇತ್ತು. ಅಟ್ರಾಕ್ಟಾ ತನ್ನ ಮುಂದಿನ ಹಸಿರು ದೀಪ ನೋಡುತ್ತ, ಅದಕ್ಕೇ ಹೇಳುವ ಹಾಗೆ ಹೇಳಿದಳು. "ಅವನು ನೆಲದ ಮೇಲೆ ಬಿದ್ದಿದ್ದಾಗ ಎದುರು ಮನೆಯವರು ನನ್ನ ಕೇಳಿದ್ರು. ಒಂದ್ಸಲ ಅಲ್ಲ, ಎರಡು ಸಲ. ನಾನು ದೀಪ ನೋಡಿ, ಇದಾನೆ, ಆರಾಮಾಗಿದಾನೆ ಅಂದೆ. ಯಾರೂ ಹೋಗ್ಲಿಲ್ಲ. ನನ್ನಿಂದ ಯಾರೂ ಹೋಗ್ಲಿಲ್ಲ. ನಿಮ್ಮ ನಿಯಮ ಸರಿಯಾಗಿದೆ ರೋನನ್, ಐದು ವರ್ಷ ತಡ ಆಯ್ತು ಅಷ್ಟೆ. ಬಾರ್ಟ್ಲಿ, ತಪ್ಪಾಯ್ತು ಕಣೋ. ಇನ್ನು ಸಾಕು, ಮನೆಗೆ ಹೋಗು."

ಗುಂಡಿ ಒತ್ತಿದಳು. ದೀಪ ಆರಿತು. ಕೆಂಪು ಕಡಸು ತಲೆ ಕೊಡವಿ, ಏನೂ ಆಗದ ಹಾಗೆ ಸುತ್ತು ಹಾಕಿತು.

ರೋನನ್ ಪರದೆಯ ಹತ್ತಿರ ಮೂಗು ತಂದು ನೋಡಿದ. ಗಾಜಿನಾಚೆ ನೋಡಿದ. ಮತ್ತೆ ಪರದೆ ನೋಡಿದ. ಅವನ ತುಟಿಯ ಬಣ್ಣ ಹೋಗಿತ್ತು. "ಈಗ್ತಾನೆ ಇದ್ರು," ಎಂದ.

ಆಗ ಅಟ್ರಾಕ್ಟಾಳ ಮುಂದೆ, ಸಾಲಿನ ಕೆಳಗೆ ಇನ್ನೊಂದು ದೀಪ ಹತ್ತಿತು. ಇನ್ನೂರ ಎಂಟು.

ಜಾರ್ಲತ್ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ. ಬೇರೆ ಏನಾದರೂ ಮಾತಾಡಲು ಸಿಕ್ಕಿತಲ್ಲ ಎಂಬ ಸಮಾಧಾನ ಅವನಿಗೆ. "ನೋಡು, ಡೀಲಿಯಾ ಬಂದ್ಲು. ಫೋನ್ ಹೋಗ್ತಿಲ್ಲ ಅಂತ ಬೆಳಗ್ಗೆ ಅಂದ್ಯಲ್ಲ. ಇದಾಳೆ, ದೀಪ ಹತ್ತಿದೆ. ಆರಾಮಾಗಿದಾಳೆ."

ಅಟ್ರಾಕ್ಟಾ ಎದ್ದು ನಿಂತಳು. ಮೂವತ್ತೊಂದು ವರ್ಷದಲ್ಲಿ ಹರಾಜಿನ ಮಧ್ಯೆ ಅವಳು ಕುರ್ಚಿ ಬಿಟ್ಟು ಎದ್ದದ್ದಿಲ್ಲ, ಅಮ್ಮ ತೀರಿಕೊಂಡ ದಿನವೂ ಲೆಕ್ಕ ಮುಗಿಸಿಯೇ ಹೋಗಿದ್ದಳು.

"ಎಲ್ಲಿಗೆ? ಹೇ, ಇನ್ನೂ ಎಂಬತ್ತು ದನ ಇದಾವೆ ಮಾರಾಯ್ತಿ!"

"ನೀನೇ ಬರ್ಕೋ. ರೋನನ್, ಕಾರು ಓಡಿಸ್ತೀರಾ? ಡೀಲಿಯಾ ಮುಖ ನೋಡ್ಬೇಕು."

ಗುಡ್ಡದ ದಾರಿಯಲ್ಲಿ ಎರಡು ಕಡೆ ಬಿದ್ದ ಮರ ಸುತ್ತಿ ಹೋಗಬೇಕಾಯಿತು. ರೋನನ್ ಹೇಳಿದ ಕಡೆ ತಿರುಗಿಸಿದ. ಡೀಲಿಯಾಳ ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಅಟ್ರಾಕ್ಟಾ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದಳು.

ಡೀಲಿಯಾ ಅಡಿಗೆಮನೆಯ ನೆಲದ ಮೇಲಿದ್ದಳು. ಮೇಜಿನ ಕಾಲಿಗೆ ಬೆನ್ನು ಕೊಟ್ಟು, ಕುರ್ಚಿಯಿಂದ ಎಳೆದುಕೊಂಡ ಕೋಟು ಹೊದ್ದು, ತುಟಿ ನೀಲಿಗಟ್ಟಿ. ಅಟ್ರಾಕ್ಟಾ ಮಂಡಿಯೂರಿ ಅವಳ ಕೆನ್ನೆ ಮುಟ್ಟಿದಳು. ತಣ್ಣಗಿತ್ತು. ಇನ್ನೊಮ್ಮೆ ಮುಟ್ಟಿದಳು.

"ಕೈ ಬಿಸಿ ಮಾಡ್ಕೊಂಡು ಬರೋಕೆ ಏನಾಗಿತ್ತು ನಿಂಗೆ?" ಎಂದಳು ಡೀಲಿಯಾ, ಕಣ್ಣು ಬಿಡದೆ.

"ಅಯ್ಯೋ ನನ್ನಪ್ಪ, ದೇವರು ಚೆನ್ನಾಗಿಟ್ಟಿರಲಿ!"

"ನಾನೇನು ಕಡಸಾ?"

ಬುಧವಾರ ಬೆಳಗ್ಗೆ ಜಾರಿ ಬಿದ್ದದ್ದಂತೆ, ಸೊಂಟ ಮುರಿದಿದೆ, ಏಳಲಾಗಲಿಲ್ಲ. ರೋನನ್ ಕಿಟಕಿಯ ಹತ್ತಿರ ಸಿಗ್ನಲ್ ಹುಡುಕಿ ಆಂಬುಲೆನ್ಸಿಗೆ ಹೇಳಿದ, ಕಾರಿನಿಂದ ಕಂಬಳಿ ತಂದ. ಅಟ್ರಾಕ್ಟಾ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಮಚದಲ್ಲಿ ನೀರು ಕುಡಿಸಿದಳು.

"ಹ್ಯಾಗೆ ಗೊತ್ತಾಯ್ತು ನಿಂಗೆ?"

"ನಿಮ್ಮ ದೀಪ ಹತ್ತಿತ್ತು."

ಡೀಲಿಯಾ ಈಗ ಕಣ್ಣು ಬಿಟ್ಟಳು. "ಯಾವ ದೀಪ? ಮಂಗಳವಾರದಿಂದ ಕರೆಂಟೇ ಇಲ್ವಲ್ಲೇ."

ಟ್ಯಾಬ್ಲೆಟ್ ಪಾತ್ರೆಯ ಕಪಾಟಿನ ಮೇಲಿತ್ತು. ರೋನನ್ ಅದನ್ನು ಎತ್ತಿ ಗುಂಡಿ ಒತ್ತಿದ, ಹಿಡಿದು ಒತ್ತಿದ. ಪರದೆ ಕಪ್ಪಾಗಿಯೇ ಉಳಿಯಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿಂದ ತೆಗೆದಿದ್ದನೋ ಅಲ್ಲಿಯೇ ಇಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಜಾರ್ಲತ್.

"ಅಟ್ರಾಕ್ಟಾಗೆ ಹೇಳಿ, ಡೀಲಿಯಾ ದೀಪ ಆರಿಹೋಯ್ತು. ಒಂದು ಹತ್ತು ನಿಮಿಷ ಆಯ್ತು."

ಹತ್ತು ನಿಮಿಷದ ಹಿಂದೆ ಅವರು ಬಾಗಿಲು ತೆಗೆದು ಒಳಗೆ ಬಂದಿದ್ದರು. ಕಿಟಕಿಯಾಚೆ ರಸ್ತೆಯ ಎದುರು ಬಾರ್ಟ್ಲಿಯ ಮನೆ, ಬೀಗ, ಮುಳ್ಳುಪೊದೆಯ ಮೇಲೆ ತಂತಿ, ಎಲ್ಲ ಇದ್ದ ಹಾಗೇ ಇತ್ತು.

"ಡೀಲಿಯಾ," ಎಂದಳು ಅಟ್ರಾಕ್ಟಾ. "ಆವತ್ತು ನೀವು ಫೋನ್ ಮಾಡಿದಾಗ..."

ಈ ಸಲ ಡೀಲಿಯಾ ಚಹಾದ ಮಾತೆತ್ತಲಿಲ್ಲ. ಕೋಟಿನ ಅಡಿಯಿಂದ ಕೈ ತೆಗೆದು ಅವಳ ಮಣಿಕಟ್ಟು ಹಿಡಿದಳು. ಮುದುಕಿಯ ಹಿಡಿತ ಅಂದರೆ ಹಿಡಿತವೇ.

"ಆವತ್ತು ನೀನು ಬರ್ಲಿಲ್ಲ. ರಸ್ತೆ ದಾಟಿದ್ರೆ ಸಾಕಿತ್ತು, ನಾನೂ ಹೋಗ್ಲಿಲ್ಲ. ಐದು ವರ್ಷ ನಿನ್ನ ಬಾಯಿ ಮುಚ್ಚಿಸಿದ್ದು ಅದಕ್ಕೇ ಕಣೇ, ನೀನು ನಿನ್ನ ತಪ್ಪು ಹೇಳಿದ್ರೆ ನಾನು ನಂದು ಹೇಳ್ಬೇಕಾಗ್ತಿತ್ತು." ಅವಳು ಉಸಿರು ತೆಗೆದುಕೊಂಡಳು. "ಇವತ್ತು ಬಂದ್ಯಲ್ಲ, ಬಿಡು."

ರೋನನ್ ಹೊಸ್ತಿಲ ಮೇಲೆ ಕೂತು ತನ್ನ ಫಾರಂ ತೆಗೆದ. ಇನ್ನೂರ ಎಂಟನೇ ಸಾಲಿನಲ್ಲಿ, 'ಖುದ್ದಾಗಿ ಕಂಡಿದ್ದೇವೆ' ಎಂಬಲ್ಲಿ ಟಿಕ್ ಹಾಕಿದ. ಆಮೇಲೆ ಹಾಳೆ ಹಿಂದಕ್ಕೆ ತಿರುಗಿಸಿ ಎಪ್ಪತ್ತನಾಲ್ಕನೇ ಸಾಲು ಹುಡುಕಿದ, ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಕೂತ, ಅಲ್ಲೂ ಒಂದು ಟಿಕ್ ಹಾಕಿ ಸಹಿ ಮಾಡಿದ.